ಏಳು ವರ್ಷದ ಲ್ಯಾಪ್‌ಟಾಪ್: ‘ಮದರ್‌ಬೋರ್ಡ್ ಹೋಗಿದೆ, ಬಿಡಿಭಾಗ ಸಿಗುವುದಿಲ್ಲ’ ಎನ್ನುತ್ತಿದೆ ಗ್ರಾಹಕ ಸೇವೆ. ಮುಂದೇನು?

ಹಳೆಗಣಕ:

ಲ್ಯಾಪ್‌ಟಾಪ್‌ಗೆ ಏಳು ವರ್ಷ. ವಾರಂಟಿ ಎಂದೋ ಮುಗಿದಿದೆ, ಬಿಟ್ಟಿಯಾಗಿ ರಿಪೇರಿ ಮಾಡಿಕೊಡಿ ಎಂದು ನಾನು ಯಾರನ್ನೂ ಕೇಳುತ್ತಿಲ್ಲ. ಇತ್ತೀಚೆಗೆ ಚಾರ್ಜ್ ಆಗುವುದು ನಿಂತಿತು. ಬ್ಯಾಟರಿಯಲ್ಲಿ ಉಳಿದದ್ದು ಖಾಲಿಯಾದ ಮೇಲೆ ಪೂರ್ತಿ ಸ್ತಬ್ಧವಾಯಿತು. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಕೊಟ್ಟೆ. ತಪಾಸಣೆ ಶುಲ್ಕವನ್ನು ಮುಂಗಡವಾಗಿಯೇ ಕಟ್ಟಿಸಿಕೊಂಡರು. ಆಮೇಲೆ ಬಂದ ಉತ್ತರ: ಮದರ್‌ಬೋರ್ಡ್ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ) ಬದಲಿಸಬೇಕು, ಅದಕ್ಕೆ ಹೊಸ ಲ್ಯಾಪ್‌ಟಾಪ್ ಬೆಲೆಯ ಅರ್ಧಕ್ಕಿಂತ ಹೆಚ್ಚಾಗುತ್ತದೆ. ಹೂಂ ಎನ್ನಬೇಕೋ ಬೇಡವೋ ಎಂದು ತೂಗಿ ನೋಡುತ್ತಿರುವಷ್ಟರಲ್ಲಿ ಇನ್ನೊಂದು ಮಿಂಚಂಚೆ: ಆ ಮಾದರಿಯ ಬೋರ್ಡ್ ಈಗ ಲಭ್ಯವಿಲ್ಲ, ಆದ್ದರಿಂದ ದುರಸ್ತಿ ಸಾಧ್ಯವಿಲ್ಲ, ಹೊಸ ಮಾದರಿಗಳ ಮೇಲಿನ ರಿಯಾಯಿತಿಯ ವಿವರ ಕೆಳಗಿದೆ.

ಗ್ರಾಹಕ ಸೇವೆಯದು ಇನ್ನೊಂದು ಕಥೆ. ಪ್ರತಿ ಸಲ ಹೊಸ ದನಿ, ಪ್ರತಿ ಸಲ ಸೀರಿಯಲ್ ನಂಬರ್‌ನಿಂದ ಶುರು. ಲ್ಯಾಪ್‌ಟಾಪ್ ಅವರದೇ ಸರ್ವಿಸ್ ಸೆಂಟರ್‌ನ ಕಪಾಟಿನಲ್ಲಿದೆ ಎಂದು ಹೇಳಿದ ಮೇಲೂ ‘ಚಾರ್ಜರ್ ತೆಗೆದು ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ’ ಎನ್ನುತ್ತಾರೆ. ಕೊನೆಗೆ ‘ಗ್ರಾಹಕರಿಂದ ಪ್ರತಿಕ್ರಿಯೆ ಬಂದಿಲ್ಲ’ ಎಂಬ ಕಾರಣ ಕೊಟ್ಟು ದೂರನ್ನೇ ಮುಚ್ಚಿದ್ದಾರೆ. ಆ ಸಂದೇಶ ಬಂದು ಕುಳಿತಿರುವುದು ನಾನು ಕಳುಹಿಸಿದ ಪ್ರತಿಕ್ರಿಯೆಯ ಕೆಳಗೇ.

ಚಾರ್ಜ್ ಆಗದಿದ್ದರೆ ಬೋರ್ಡೇ ಹೋಗಿದೆ ಎಂದು ಒಪ್ಪಿಕೊಳ್ಳಬೇಕೇ? ಕಂಪನಿಯೊಂದಿಗೆ ಇನ್ನೂ ಮಾತನಾಡಿ ಪ್ರಯೋಜನವಿದೆಯೇ?

ನೇರಮಾತು:

ಪ್ರಯೋಜನವಿಲ್ಲ. ಏಳು ವರ್ಷ ದುಡಿದಿದೆ, ಬಿಟ್ಟುಬಿಡಿ. ಇಂದು ಚಾರ್ಜಿಂಗ್, ನಾಳೆ ಹಿಂಜ್ (ಮಡಚುವ ಕೀಲು), ನಾಡಿದ್ದು ಪರದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮದರಲ್ಲಿ ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್ ಇದ್ದರೆ ಬೆರಳೆಣಿಕೆಯ ಮಾದರಿಗಳನ್ನು ಬಿಟ್ಟರೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದೂ ಇಲ್ಲ. ಮೂಗಿಗಿಂತ ಮೂಗುತಿ ಭಾರ.

ಬೆಸುಗೆಗಾರ:

ಕೊಳ್ಳುವ ಮಾತು ಆಮೇಲೆ. ಮೊದಲು ಕೆಟ್ಟಿರುವುದು ಯಾವುದು ಎಂದು ತಿಳಿಯಲಿ. ಬೋರ್ಡ್ ರಿಪೇರಿಯೇ ನನ್ನ ಕಸುಬು, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಅಧಿಕೃತ ಸರ್ವಿಸ್ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಬೋರ್ಡನ್ನು ರಿಪೇರಿ ಮಾಡುವುದಿಲ್ಲ, ಇಡಿಯಾಗಿ ಬದಲಿಸುತ್ತಾರೆ. ಒಳ್ಳೆಯದೆಂದು ಖಾತ್ರಿಯಿರುವ ಚಾರ್ಜರ್ ಹಾಕಿ ನೋಡುತ್ತಾರೆ, ಬ್ಯಾಟರಿ ಬಿಚ್ಚಿ ನೋಡುತ್ತಾರೆ, ರ‍್ಯಾಮ್ ಬದಲಿಸಿ ನೋಡುತ್ತಾರೆ. ಆಗಲೂ ಏಳದಿದ್ದರೆ ‘ಮದರ್‌ಬೋರ್ಡ್’ ಎಂದು ಬರೆಯುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ. ಒಂದೊಂದು ಬೋರ್ಡ್ ಮುಂದೆ ಮಲ್ಟಿಮೀಟರ್ ಹಿಡಿದು ಗಂಟೆಗಟ್ಟಲೆ ಕೂರಲು ಅಲ್ಲಿನ ತಂತ್ರಜ್ಞರಿಗೆ ಪುರುಸೊತ್ತಿಲ್ಲ, ಎಷ್ಟೋ ಕಡೆ ಸರ್ಕ್ಯೂಟ್ ನಕ್ಷೆಯನ್ನೂ ಅವರ ಕೈಗೆ ಕೊಟ್ಟಿರುವುದಿಲ್ಲ. ಹಾಗಾಗಿ ಅವರು ‘ದುರಸ್ತಿ ಸಾಧ್ಯವಿಲ್ಲ’ ಎಂದರೆ, ಬದಲಿಸಿ ಹಾಕಲು ಅವರ ದಾಸ್ತಾನಿನಲ್ಲಿ ಬೋರ್ಡ್ ಇಲ್ಲ ಎಂದಷ್ಟೇ ತಿಳಿಯಿರಿ. ನಿಮ್ಮ ಲ್ಯಾಪ್‌ಟಾಪ್‌ನ ಸ್ಥಿತಿಯ ಬಗ್ಗೆ ಆ ವಾಕ್ಯ ಏನನ್ನೂ ಹೇಳುತ್ತಿಲ್ಲ.

ಚಾರ್ಜ್ ಆಗದ ಲ್ಯಾಪ್‌ಟಾಪ್ ಬಂದರೆ ನಾನು ಹೊರಗಿನಿಂದ ಒಳಕ್ಕೆ ಹೋಗುತ್ತೇನೆ. ಚಾರ್ಜರ್‌ನ ತುದಿಯಲ್ಲಿ ಸರಿಯಾದ ವೋಲ್ಟೇಜ್ ಇದೆಯೇ? ದುಂಡು ಪಿನ್ನಿನ ಬಹುತೇಕ ಚಾರ್ಜರ್‌ಗಳಲ್ಲಿ 19ರಿಂದ 20 ವೋಲ್ಟ್ ಬರಬೇಕು. ಆಮೇಲೆ ಡಿಸಿ ಜ್ಯಾಕ್, ಅಂದರೆ ಚಾರ್ಜರ್‌ನ ಪಿನ್ ಸಿಕ್ಕಿಸುವ ಲ್ಯಾಪ್‌ಟಾಪ್‌ನ ತೂತು. ಹಲವು ಮಾದರಿಗಳಲ್ಲಿ ಇದನ್ನು ಬೋರ್ಡ್‌ಗೆ ಬೆಸೆದಿರುವುದಿಲ್ಲ. ಗಿಡ್ಡ ಕೇಬಲ್‌ನ ಒಂದು ತುದಿಗೆ ಜ್ಯಾಕ್, ಇನ್ನೊಂದು ತುದಿಗೆ ಬೋರ್ಡ್‌ಗೆ ಸಿಕ್ಕಿಸುವ ಕನೆಕ್ಟರ್, ಅಷ್ಟೇ. ವರ್ಷಗಟ್ಟಲೆ ಪಿನ್ ಹಾಕಿ ತೆಗೆದು ಒಳಗಿನ ಹಿಡಿತ ಸಡಿಲವಾಗುತ್ತದೆ. ಸಡಿಲವಾದ ಕಡೆ ಬಿಸಿಯಾಗುತ್ತದೆ, ಬಿಸಿಯಾದ ಕಡೆ ಪ್ಲಾಸ್ಟಿಕ್ ಕಂದುಗಟ್ಟಿ ಕರಗಲು ತೊಡಗುತ್ತದೆ. ಇದನ್ನು ಬದಲಿಸಲು ಬೆಸುಗೆಯೂ ಬೇಕಿಲ್ಲ, ಸ್ಕ್ರೂಡ್ರೈವರ್ ಮತ್ತು ತಾಳ್ಮೆ ಸಾಕು.

ನಿಮ್ಮ ಚಾರ್ಜರ್‌ನಲ್ಲಿ ಪುಟ್ಟ ದೀಪ ಇದೆಯೇ? ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದ ಕೂಡಲೇ ಅದು ಆರುತ್ತಿತ್ತೇ? ಆರಿದರೆ ಒಳಗೆ ಎಲ್ಲೋ ಶಾರ್ಟ್ ಆಗಿದೆ, ಚಾರ್ಜರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಹೆಚ್ಚಿನ ಸಲ ಸಾಸಿವೆಗಿಂತ ಸಣ್ಣದಾದ ಒಂದು ಕೆಪಾಸಿಟರ್ ಅಥವಾ ವಿದ್ಯುತ್ತಿಗೆ ಸ್ವಿಚ್‌ನಂತೆ ಕೆಲಸ ಮಾಡುವ ಒಂದು ಮಾಸ್‌ಫೆಟ್ ಸತ್ತಿರುತ್ತದೆ. ಆರದಿದ್ದರೆ ವಿದ್ಯುತ್ ಒಳಗೇ ಹೋಗುತ್ತಿಲ್ಲ, ಇಲ್ಲವೇ ಚಾರ್ಜಿಂಗ್ ನಿಯಂತ್ರಿಸುವ ಚಿಪ್ (ಐಸಿ) ಅದನ್ನು ಮುಂದಕ್ಕೆ ಬಿಡುತ್ತಿಲ್ಲ.

ಹಳೆಗಣಕ:

ದೀಪ ಆರುತ್ತಿರಲಿಲ್ಲ. ಆದರೆ ಪೂರ್ತಿ ಕೆಡುವ ಮುಂಚೆ ಪಿನ್ನನ್ನು ಓರೆಯಾಗಿ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತಿತ್ತು. ಇದನ್ನು ಸರ್ವಿಸ್ ಸೆಂಟರ್‌ನ ಫಾರಂನಲ್ಲಿ ಬರೆದೂ ಕೊಟ್ಟಿದ್ದೆ. ಅವರ ವರದಿಯಲ್ಲಿ ಇರುವುದು ‘ನೋ ಪವರ್, ಮದರ್‌ಬೋರ್ಡ್ ದೋಷ’ ಎಂಬ ಒಂದೇ ಸಾಲು.

ಬೆಸುಗೆಗಾರ:

ಓರೆಯಾಗಿ ಒತ್ತಿದಾಗ ಚಾರ್ಜ್ ಆಗುತ್ತಿತ್ತು ಎಂದಾದರೆ ನನ್ನ ಅನುಮಾನವೆಲ್ಲ ಜ್ಯಾಕ್ ಮೇಲೆಯೇ. ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಆ ಒಂದು ಸಾಲಿನ ವರದಿ ನೋಡಿದರೆ ಅವರೂ ನೋಡಿದಂತಿಲ್ಲ.

ಮರುಕರೆ:

ಇಂಥದೇ ಒಂದು ಗ್ರಾಹಕ ಸೇವಾ ಕೇಂದ್ರದಲ್ಲಿ ಫೋನಿನ ಆ ತುದಿಯಲ್ಲಿ ಕುಳಿತಿದ್ದವಳು ನಾನು. ಈಗ ಬಿಟ್ಟಿದ್ದೇನೆ, ಹಾಗಾಗಿ ಹೇಳಬಹುದು.

ನಮ್ಮ ಪರದೆಯ ಎಡಕ್ಕೆ ನಿಮ್ಮ ಸೀರಿಯಲ್ ನಂಬರ್, ಅದರ ಕೆಳಗೆ ವಾರಂಟಿ ಮುಗಿದ ದಿನಾಂಕ ಕೆಂಪಕ್ಷರದಲ್ಲಿ. ಬಲಕ್ಕೆ ಕೇಳಬೇಕಾದ ಪ್ರಶ್ನೆಗಳು ಸಾಲಾಗಿ. ಒಂದಕ್ಕೆ ‘ಮಾಡಿಸಲಾಗಿದೆ’ ಎಂದು ಗುರುತು ಹಾಕದೆ ಮುಂದಿನದು ತೆರೆಯುತ್ತಿರಲಿಲ್ಲ. ಕಪಾಟಿನಲ್ಲಿರುವ ಲ್ಯಾಪ್‌ಟಾಪ್‌ನ ಬಟನ್ ಒತ್ತಿ ಎಂದು ಹೇಳುವುದು ಈ ಕಾರಣಕ್ಕೆ. ಹೇಳುವವರಿಗೂ ಅದರ ಅಸಂಬದ್ಧತೆ ಗೊತ್ತಿರುತ್ತದೆ. ಮೇಲೆ ಗಡಿಯಾರ ಓಡುತ್ತಿರುತ್ತದೆ. ಒಂದು ಕರೆಗೆ ಸರಾಸರಿ ಎಷ್ಟು ಹೊತ್ತು ಹಿಡಿಯಿತು, ಎಷ್ಟು ದೂರುಗಳು ಮುಚ್ಚಿದವು, ಇವುಗಳ ಮೇಲೆ ನಮಗೆ ಅಂಕ. ದೂರು ಮುಚ್ಚಿದ ಮಾತ್ರಕ್ಕೆ ಸಮಸ್ಯೆ ಬಗೆಹರಿದಿರಬೇಕು ಎಂದೇನೂ ಇರಲಿಲ್ಲ.

ನಿಮ್ಮ ಉತ್ತರದ ಕೆಳಗೇ ‘ಪ್ರತಿಕ್ರಿಯೆ ಬಂದಿಲ್ಲ’ ಎಂದು ಬಂದದ್ದನ್ನು ಬಹುಶಃ ಯಾವ ಮನುಷ್ಯರೂ ಬರೆದಿಲ್ಲ. ದೂರಿನ ಸ್ಥಿತಿ ‘ಗ್ರಾಹಕರ ಉತ್ತರಕ್ಕಾಗಿ ಕಾಯಲಾಗುತ್ತಿದೆ’ ಎಂದೇ ಉಳಿದಿದೆ, ಯಾರೂ ಅದನ್ನು ಬದಲಿಸಿಲ್ಲ, ಗಡುವು ಮುಗಿದ ಕೂಡಲೇ ತಂತ್ರಾಂಶ ತಾನಾಗಿ ಮುಚ್ಚಿದೆ. ಸಿಟ್ಟು ಬರುವುದು ಸಹಜ, ಆದರೆ ಆ ಸಿಟ್ಟು ತಲುಪುವ ವಿಳಾಸವೇ ಇಲ್ಲ.

ಈಗ ಮಾಡಬೇಕಾದದ್ದು. ಕರೆ ಮಾಡುವುದನ್ನು ನಿಲ್ಲಿಸಿ, ಬರೆಯಿರಿ. ಹೊಸ ದೂರು ಕೊಡಬೇಡಿ, ಹಳೆಯದನ್ನೇ ಮತ್ತೆ ತೆರೆಸಿ. ಹೊಸದಾದರೆ ಹಿಂದಿನದು ಏನೂ ಗೊತ್ತಿಲ್ಲದವರ ಮುಂದೆ ಮತ್ತೆ ಮೊದಲಿನಿಂದ ಹಾಡಬೇಕು. ಮುಚ್ಚಿದ ದೂರು ಮತ್ತೆ ತೆರೆದರೆ, ನಾನಿದ್ದ ಕಡೆ, ಅದು ಮೇಲ್ವಿಚಾರಕರ ಪಟ್ಟಿಯಲ್ಲಿ ಎದ್ದು ಕಾಣುತ್ತಿತ್ತು. ಬೈಗುಳದ ಪತ್ರಕ್ಕೆ ನಮ್ಮಲ್ಲಿ ಸಿದ್ಧ ಉತ್ತರ ಇತ್ತು, ‘ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂದು ಶುರುವಾಗುವುದು. ನಿರ್ದಿಷ್ಟ ಪ್ರಶ್ನೆಗೆ ಸಿದ್ಧ ಉತ್ತರ ಇರುತ್ತಿರಲಿಲ್ಲ, ಅದನ್ನು ಮೇಲಕ್ಕೆ ಕಳುಹಿಸದೆ ಗತ್ಯಂತರವಿರಲಿಲ್ಲ. ಹೀಗೆ ಬರೆಯಿರಿ:

‘ದೂರು ಸಂಖ್ಯೆ ಇಂಥದು. ತಪಾಸಣೆ ಶುಲ್ಕದ ರಸೀದಿ ಲಗತ್ತಿಸಿದ್ದೇನೆ. ಲ್ಯಾಪ್‌ಟಾಪ್ ಕೊಡುವಾಗ ಚಾರ್ಜಿಂಗ್ ಪಿನ್ ಸಡಿಲವಿರುವುದನ್ನು ಫಾರಂನಲ್ಲಿ ನಮೂದಿಸಿದ್ದೆ. ಡಿಸಿ ಜ್ಯಾಕನ್ನು ಪ್ರತ್ಯೇಕವಾಗಿ ಪರೀಕ್ಷಿಸಲಾಗಿದೆಯೇ? ಬೋರ್ಡ್ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಆಧಾರವೇನು? ನನ್ನ ಮಾದರಿಯ ಡಿಸಿ ಜ್ಯಾಕ್ ಕೇಬಲ್‌ನ ಪಾರ್ಟ್ ನಂಬರ್ ಏನು? ಅದು ಲಭ್ಯವಿದೆಯೇ? ಲಿಖಿತ ಉತ್ತರ ಕೊಡಿ.’

ಇಷ್ಟೇ. ಎಷ್ಟು ವರ್ಷದಿಂದ ಇದೇ ಬ್ರ್ಯಾಂಡ್ ಕೊಳ್ಳುತ್ತಿದ್ದೀರಿ ಎಂಬುದನ್ನೆಲ್ಲ ಬರೆಯಬೇಡಿ, ಅದನ್ನು ಯಾರೂ ಓದುವುದಿಲ್ಲ.

ಕಡತಪ್ರಿಯೆ:

ಒಂದು ವಿಷಯ ಯಾರೂ ಎತ್ತಿಲ್ಲ. ಹಳೆಗಣಕ ಅವರೇ, ನಿಮ್ಮ ಕಡತಗಳೆಲ್ಲ ಇರುವ ಎಸ್‌ಎಸ್‌ಡಿ ಇನ್ನೂ ಲ್ಯಾಪ್‌ಟಾಪ್ ಒಳಗೇ ಇದೆಯೇ? ಪಾಸ್‌ವರ್ಡ್ ಬರೆದು ಕೊಟ್ಟಿದ್ದೀರಾ?

ಆನ್ ಆಗದ ಯಂತ್ರದ ತಪಾಸಣೆಗೆ ಪಾಸ್‌ವರ್ಡ್ ಬೇಕಾಗಿಯೇ ಇಲ್ಲ. ಫಾರಂನಲ್ಲಿ ಆ ಖಾನೆ ಇದೆ ಎಂದ ಮಾತ್ರಕ್ಕೆ ತುಂಬಬೇಕಿಲ್ಲ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆಡಿಯೋ ಡ್ರೈವರ್ ಅನ್ನು ಬೇಕೆಂದೇ ನಿಷ್ಕ್ರಿಯಗೊಳಿಸಿದ ಲ್ಯಾಪ್‌ಟಾಪ್‌ಗಳನ್ನು, ಒಳಗೆ ಏನೇನು ತೆರೆಯುತ್ತಾರೆ ಎಂಬುದು ದಾಖಲಾಗುವಂತೆ ಮಾಡಿ, ರಿಪೇರಿ ಅಂಗಡಿಗಳಿಗೆ ಕೊಟ್ಟರು. ಹಲವು ಕಡೆ ತಂತ್ರಜ್ಞರು ಗ್ರಾಹಕರ ಖಾಸಗಿ ಕಡತಗಳನ್ನು ತೆರೆದು ನೋಡಿದ್ದರು, ಕೆಲವರು ನಕಲು ಮಾಡಿಕೊಂಡಿದ್ದರು. ಡ್ರೈವರ್ ಸರಿಪಡಿಸಲು ಫೋಟೋಗಳ ಫೋಲ್ಡರ್ ತೆರೆಯಬೇಕಾದ ಅಗತ್ಯ ನನಗಂತೂ ಹೊಳೆಯುವುದಿಲ್ಲ.

ಇನ್ನೊಂದು ತೊಡಕು. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಚಾಲೂ ಇದ್ದರೆ ಅದರ ಕೀಲಿ ಹಳೆಯ ಬೋರ್ಡ್‌ನ ಟಿಪಿಎಂಗೆ (ಕೀಲಿಗಳನ್ನು ಕಾಪಾಡುವ ಭದ್ರತಾ ಚಿಪ್‌ಗೆ) ಕಟ್ಟುಬಿದ್ದಿರುತ್ತದೆ. ಬೋರ್ಡ್ ಬದಲಿಸಿದ ಮರುಕ್ಷಣ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವುದು ನಿಮ್ಮ ಪಾಲಿಗೂ ಇಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವವರಿಗೆ ಇದು ಎಷ್ಟೋ ಯಂತ್ರಗಳಲ್ಲಿ ತಾನಾಗಿಯೇ ಚಾಲೂ ಆಗಿರುತ್ತದೆ, ಗೊತ್ತೇ ಇರುವುದಿಲ್ಲ. ಕೀ ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಉಳಿದಿರುತ್ತದೆ. ಫೋನಿನಿಂದಲೇ ಖಾತೆ ತೆರೆದು ಈಗಲೇ ಬರೆದಿಟ್ಟುಕೊಳ್ಳಿ.

ಹಳೆಗಣಕ:

ಪಾಸ್‌ವರ್ಡ್ ಕೊಟ್ಟಿಲ್ಲ. ಎಸ್‌ಎಸ್‌ಡಿ ತೆಗೆದುಕೊಂಡು ಕೊಡುತ್ತೇನೆ ಎಂದಿದ್ದೆ. ಯಂತ್ರ ‘ಪೂರ್ಣವಾಗಿ’ ಇಲ್ಲದಿದ್ದರೆ ಸ್ವೀಕರಿಸುವುದಿಲ್ಲ ಎಂದಿದ್ದರು. ಕೀ ಸಿಕ್ಕಿತು, ಬರೆದಿಟ್ಟೆ. ಧನ್ಯವಾದ.

ಇರುಳುಗೂಬೆ:

ಯುರೋಪಿನಲ್ಲಿ ರಿಪೇರಿ ಹಕ್ಕಿನ ಕಾನೂನು ಬಂದಿದೆಯಲ್ಲ? ವಾರಂಟಿ ಮುಗಿದರೂ ಕಂಪನಿ ರಿಪೇರಿ ಮಾಡಿಕೊಡಲೇಬೇಕು ಎಂದು ಓದಿದ ನೆನಪು.

ಕಡತಪ್ರಿಯೆ:

2024ರ ಆ ನಿರ್ದೇಶನದಲ್ಲಿ ಹಾಗೆ ಮಾಡಲೇಬೇಕಾದ ವಸ್ತುಗಳ ಪಟ್ಟಿ ಇದೆ: ಬಟ್ಟೆ ಒಗೆಯುವ ಯಂತ್ರ, ಫ್ರಿಜ್, ಮೊಬೈಲ್, ಟ್ಯಾಬ್ಲೆಟ್, ಸರ್ವರ್ ಕೂಡ. ಅಂಗೀಕಾರವಾದಾಗಿನ ಆ ಪಟ್ಟಿಯಲ್ಲಿ ಲ್ಯಾಪ್‌ಟಾಪ್ ಇಲ್ಲ. ಅಲ್ಲಿನ ಬ್ಯಾಟರಿ ನಿಯಮ ಬೇರೆಯದು. 2027ರ ಫೆಬ್ರವರಿಯಿಂದ ಅದರಂತೆ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ಬಿಚ್ಚಿ ಬದಲಿಸುವಂತಿರಬೇಕು, ಕೆಲವು ವಿನಾಯಿತಿಗಳನ್ನು ಬಿಟ್ಟು. ಈಗಾಗಲೇ ಮಾರಾಟವಾದ ಹಳೆಯ ಯಂತ್ರಕ್ಕೆ ಅದರಿಂದ ಉಪಯೋಗವಿಲ್ಲ.

ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂಬುದನ್ನು ಬರೆದು ಹೇಳುವ ಕಂಪನಿಗಳೇ ಕಡಿಮೆ. ಆ್ಯಪಲ್ ಹೇಳುತ್ತದೆ: ಮಾರಾಟ ನಿಲ್ಲಿಸಿ ಐದು ವರ್ಷ ದಾಟಿದರೆ ‘ವಿಂಟೇಜ್’, ಏಳು ದಾಟಿದರೆ ‘ಆಬ್ಸೊಲೀಟ್’, ಆಮೇಲೆ ಹಾರ್ಡ್‌ವೇರ್ ಸೇವೆ ಇಲ್ಲ, ಮ್ಯಾಕ್ ಲ್ಯಾಪ್‌ಟಾಪ್‌ಗಳ ಬ್ಯಾಟರಿಗೆ ಮಾತ್ರ, ಸಿಕ್ಕರೆ, ಹತ್ತು ವರ್ಷದವರೆಗೆ. ಗಮನಿಸಿ, ಲೆಕ್ಕ ಶುರುವಾಗುವುದು ನೀವು ಕೊಂಡ ದಿನದಿಂದ ಅಲ್ಲ, ಕಂಪನಿ ಮಾರುವುದನ್ನು ನಿಲ್ಲಿಸಿದ ದಿನದಿಂದ.

ಹೊಸಚಿಗುರು:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಹಳೆಯ ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಒಂದು ಬದಿ ಮೇಲೆದ್ದಿದೆ, ಕ್ಲಿಕ್ ಆಗುತ್ತಿಲ್ಲ. ಗ್ರಾಹಕ ಸೇವೆಯವರು ಕೊರಿಯರ್ ಮಾಡಿ ಎನ್ನುತ್ತಿದ್ದಾರೆ.

ಬೆಸುಗೆಗಾರ:

ಮೊದಲು ಚಾರ್ಜರ್ ತೆಗೆದು ಆಫ್ ಮಾಡಿ. ಅದು ಟಚ್‌ಪ್ಯಾಡ್‌ನ ತೊಂದರೆಯಾಗಿರಲಾರದು, ಕೆಳಗಿನ ಬ್ಯಾಟರಿ ಉಬ್ಬಿ ಮೇಲಕ್ಕೆ ತಳ್ಳುತ್ತಿದೆ. ಒತ್ತಿ ಸಮ ಮಾಡಲು ಹೋಗಬೇಡಿ, ಚುಚ್ಚಲಂತೂ ಬೇಡಿ. ಒಳಗಿನ ಪದರಗಳು ಒಂದಕ್ಕೊಂದು ತಗುಲಿದರೆ ಬೆಂಕಿ ಹತ್ತುತ್ತದೆ. ಹಾನಿಯಾದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸುವಂತಿಲ್ಲ, ಹಾಗಾಗಿ ಕೊರಿಯರ್ ಮಾತೇ ಬೇಡ. ಗ್ರಾಹಕ ಸೇವೆಗೆ ‘ಟಚ್‌ಪ್ಯಾಡ್ ಕೆಲಸ ಮಾಡುತ್ತಿಲ್ಲ’ ಎಂದು ಹೇಳಿದ್ದೀರಿ, ಅವರು ಅದಕ್ಕೆ ತಕ್ಕ ಉತ್ತರ ಕೊಟ್ಟಿದ್ದಾರೆ. ‘ಬ್ಯಾಟರಿ ಉಬ್ಬಿದೆ’ ಎಂದು ಫೋಟೋ ಸಮೇತ ಬರೆಯಿರಿ. ಸುರಕ್ಷತೆಯ ದೂರುಗಳನ್ನು ಕಂಪನಿಗಳು ಸಾಮಾನ್ಯವಾಗಿ ಬೇರೆಯಾಗಿ ನೋಡುತ್ತವೆ.

ಹಳೆಗಣಕ:

ಸುದ್ದಿ ಇದೆ. ಮರುಕರೆ ಅವರು ಬರೆದುಕೊಟ್ಟ ಪತ್ರವನ್ನೇ ಹೆಚ್ಚುಕಡಿಮೆ ಹಾಗೆಯೇ ಕಳುಹಿಸಿದೆ. ಮೊದಲು ಬಂದದ್ದು ವಿಷಾದದ ಸಿದ್ಧ ಉತ್ತರ. ಅದಕ್ಕೆ ‘ನನ್ನ ಪ್ರಶ್ನೆಗಳಿಗೆ ಇನ್ನೂ ಉತ್ತರ ಬಂದಿಲ್ಲ’ ಎಂದಷ್ಟೇ ಬರೆದು, ಪ್ರಶ್ನೆಗಳನ್ನು ಮತ್ತೆ ಅಂಟಿಸಿದೆ. ಆಗ ಹಿರಿಯ ಅಧಿಕಾರಿಯೊಬ್ಬರ ಉತ್ತರ ಬಂತು: ಜ್ಯಾಕ್ ಬೋರ್ಡ್‌ನಿಂದ ಪ್ರತ್ಯೇಕ ಭಾಗ ಹೌದು, ಪಾರ್ಟ್ ನಂಬರ್ ಇದು, ಅದೂ ಈಗ ದಾಸ್ತಾನಿನಲ್ಲಿಲ್ಲ, ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸಿದ ದಾಖಲೆ ಇಲ್ಲದಿರುವುದರಿಂದ ತಪಾಸಣೆ ಶುಲ್ಕ ಹಿಂದಿರುಗಿಸುತ್ತೇವೆ. ಲ್ಯಾಪ್‌ಟಾಪ್ ವಾಪಸ್ ತಂದಿದ್ದೇನೆ. ತಳಭಾಗದ ಒಂದು ಸ್ಕ್ರೂ ಇಲ್ಲ.

ಮರುಕರೆ:

ಪಾರ್ಟ್ ನಂಬರ್ ಕೈಗೆ ಬಂತಲ್ಲ, ಅದೇ ದೊಡ್ಡದು. ಇನ್ನು ಆ ಭಾಗವನ್ನು ಯಾರ ಬಳಿ ಬೇಕಾದರೂ ಕೇಳಬಹುದು.

ನೇರಮಾತು:

ಶುಲ್ಕ ಬಂದದ್ದು ಒಳ್ಳೆಯದಾಯಿತು. ಆದರೂ ನನ್ನ ಮಾತು ಪೂರ್ತಿ ಹಿಂದೆಗೆದುಕೊಳ್ಳುವುದಿಲ್ಲ. ಬೆಸೆದ 4 ಜಿಬಿ ರ‍್ಯಾಮ್, ಎಸ್‌ಎಸ್‌ಡಿಗಿಂತ ನಿಧಾನವಾದ ಇಎಂಎಂಸಿ ಸಂಗ್ರಹ, ಜೊತೆಗೆ ಮುರಿದ ಹಿಂಜ್ ಇರುವ ಯಂತ್ರಕ್ಕೆ ಜ್ಯಾಕ್ ಹಾಕಿಸಿದರೂ ಅದು ನಿಧಾನವಾಗಿಯೇ ಇರುತ್ತದೆ, ಏನನ್ನೂ ಹೆಚ್ಚಿಸಲೂ ಆಗುವುದಿಲ್ಲ. ಅಂಥದ್ದಕ್ಕೆ ದುಡ್ಡು ಸುರಿಯುವವರನ್ನು ಕಂಡಿದ್ದೇನೆ. ನಿಮ್ಮದು ಯಾವುದು?

ಹಳೆಗಣಕ:

8ನೇ ತಲೆಮಾರಿನ ಪ್ರೊಸೆಸರ್, 8 ಜಿಬಿ ರ‍್ಯಾಮ್, ಇನ್ನೊಂದು ರ‍್ಯಾಮ್ ಸ್ಲಾಟ್ ಖಾಲಿ, ಬಿಚ್ಚಬಹುದಾದ ಎಂ.2 ಎಸ್‌ಎಸ್‌ಡಿ. ಹಿಂಜ್ ಗಟ್ಟಿಯಾಗಿದೆ. ವಿಂಡೋಸ್ 11 ಆಗಲೇ ಇದೆ.

ನೇರಮಾತು:

ಹಾಗಿದ್ದರೆ ರಿಪೇರಿ ಮಾಡಿಸಿ. ಇದನ್ನು ಮೊದಲ ಬರಹದಲ್ಲೇ ಹಾಕಿದ್ದರೆ ನನ್ನ ಬಾಯಿ ಮುಚ್ಚಿರುತ್ತಿತ್ತು.

ಬೆಸುಗೆಗಾರ:

ಹೊರಗಿನ ತಂತ್ರಜ್ಞರ ಬಳಿ ಹೋಗುವುದಾದರೆ ಒಂದೆರಡು ಮಾತು. ಬಿಚ್ಚುವ ಮೊದಲೇ ದರ ಹೇಳಿ ‘ಚಿಪ್ ಹೋಗಿದೆ’ ಎನ್ನುವವರನ್ನು ಬಿಡಿ. ‘ಹೀಟ್ ಗನ್‌ನಲ್ಲಿ ಬಿಸಿ ಮಾಡಿದರೆ ಏಳುತ್ತದೆ’ ಎನ್ನುವವರನ್ನಂತೂ ಬಾಗಿಲಲ್ಲೇ ಬಿಡಿ. ಹಾಗೆ ಎದ್ದದ್ದು ಬೇಗನೆ ಮತ್ತೆ ಮಲಗುತ್ತದೆ, ಸುತ್ತಲಿನ ಭಾಗಗಳನ್ನೂ ಕೆಡಿಸಿರುತ್ತದೆ. ಲಕ್ಷಣ ಕೇಳಿ, ನಿಮ್ಮೆದುರೇ ಅಳೆದು, ಕೆಟ್ಟ ಭಾಗವನ್ನು ತೋರಿಸಿ, ಆಮೇಲೆ ದರ ಹೇಳುವವರು ಸಿಕ್ಕರೆ ಕೊಡಿ. ತೆಗೆದ ಹಳೆಯ ಭಾಗವನ್ನು ವಾಪಸ್ ಕೇಳಿ. ಯಾವತ್ತಾದರೂ ನೀರೋ ಕಾಫಿಯೋ ಚೆಲ್ಲಿದ್ದರೆ ಮುಚ್ಚಿಡದೆ ಹೇಳಿ, ಹುಡುಕುವ ಜಾಗವೇ ಬದಲಾಗುತ್ತದೆ.

ಹಳೆಗಣಕ:

ಜ್ಯಾಕೇ. ಪಾರ್ಟ್ ನಂಬರ್ ಕೊಟ್ಟು ಕೇಬಲ್ ತರಿಸಿ, ಬೋರ್ಡ್ ರಿಪೇರಿ ಮಾಡುವವರೊಬ್ಬರ ಬಳಿ ಹಾಕಿಸಿದೆ. ಹಳೆಯದನ್ನು ಕೈಗೆ ಕೊಟ್ಟರು: ಕಪ್ಪು ಪ್ಲಾಸ್ಟಿಕ್ ಒಂದು ಬದಿ ಕಂದಾಗಿ ಗುಳ್ಳೆ ಎದ್ದಿದೆ, ಒಳಗಿನ ಲೋಹದ ನಾಲಿಗೆ ಹಿಂದಕ್ಕೆ ಬಾಗಿದೆ, ಒಂದು ತಂತಿಯ ಹೊದಿಕೆ ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಬೋರ್ಡ್‌ಗೆ ಏನೂ ಆಗಿಲ್ಲ.

ಆನ್ ಆದ ಮೇಲೆ ಇನ್ನೊಂದು ವಿಚಿತ್ರ. ಯಾವ ಜಾಲತಾಣ ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’ ಎಂದಿತು. ನೋಡಿದರೆ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗಿತ್ತು.

ಬೆಸುಗೆಗಾರ:

ಬೋರ್ಡ್ ಮೇಲಿನ ನಾಣ್ಯದಾಕಾರದ ಸೆಲ್ ಮುಗಿದಿದೆ, ಸಾಮಾನ್ಯವಾಗಿ ಸಿಆರ್2032. ಮುಖ್ಯ ಬ್ಯಾಟರಿ ಖಾಲಿಯಾಗಿ ಬಹಳ ದಿನ ಬಿದ್ದಿದ್ದರೆ ಗಡಿಯಾರ ಅದೊಂದರ ಮೇಲೆಯೇ ಓಡಬೇಕು. ದಿನಾಂಕ ತಪ್ಪಿದರೆ ಜಾಲತಾಣಗಳ ಪ್ರಮಾಣಪತ್ರದ ಅವಧಿ ಬ್ರೌಸರ್‌ಗೆ ತಾಳೆಯಾಗುವುದಿಲ್ಲ. ಸೆಲ್ ಬದಲಿಸಿ, ದಿನಾಂಕ ಸರಿಪಡಿಸಿ, ಅಷ್ಟೇ.

ಹಳೆಗಣಕ:

ಸರಿಹೋಯಿತು. ಕೊನೆಯ ಪ್ರಶ್ನೆ. ವಿಂಡೋಸ್‌ನ ಬ್ಯಾಟರಿ ವರದಿ ತೆಗೆದೆ. ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯುವ ಚಾರ್ಜ್), ಡಿಸೈನ್ ಕೆಪಾಸಿಟಿಯ (ಹೊಸದಿದ್ದಾಗ ಹಿಡಿಯಬೇಕಿದ್ದದ್ದರ) ಅರ್ಧಕ್ಕಿಂತ ಕಡಿಮೆ ಇದೆ. ಮೂಲ ಬ್ಯಾಟರಿ ಸರಬರಾಜಿನಲ್ಲಿಲ್ಲ ಎಂದು ಕಂಪನಿ ಈ ಸಲ ಒಂದೇ ಪತ್ರಕ್ಕೆ ಉತ್ತರ ಕೊಟ್ಟಿದೆ. ಬೇರೆ ತಯಾರಕರದ್ದು ಹಾಕಬಹುದೇ?

ಬೆಸುಗೆಗಾರ:

ಹಾಕಬಹುದು, ಆದರೆ ಲ್ಯಾಪ್‌ಟಾಪ್ ಮಾದರಿಯ ಹೆಸರು ನೋಡಿ ಕೊಳ್ಳಬೇಡಿ. ಒಂದೇ ಮಾದರಿಗೆ ಎರಡು ಮೂರು ಬಗೆಯ ಬ್ಯಾಟರಿ ಇರುತ್ತವೆ. ಒಳಗಿರುವ ಬ್ಯಾಟರಿಯ ಚೀಟಿಯ ಮೇಲಿನ ಪಾರ್ಟ್ ನಂಬರ್, ವೋಲ್ಟೇಜ್, ಕನೆಕ್ಟರ್‌ನ ಆಕಾರ ಮೂರೂ ಹೊಂದಬೇಕು. ವ್ಯಾಟ್ ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ) ಮೂಲದ್ದಕ್ಕಿಂತ ವಿಪರೀತ ಹೆಚ್ಚು ಬರೆದಿದ್ದರೆ ನಂಬಬೇಡಿ, ಅಷ್ಟೇ ಜಾಗದಲ್ಲಿ ಅಷ್ಟೊಂದು ಹಿಡಿಯುವುದಿಲ್ಲ. ಎಲ್ಲೋ ಉಳಿದಿದ್ದ ‘ಅಸಲಿ’ ಬ್ಯಾಟರಿ ಸಿಕ್ಕಿತೆಂದು ಹಿಗ್ಗುವ ಮೊದಲು ತಯಾರಾದ ದಿನಾಂಕ ನೋಡಿ. ಲಿಥಿಯಂ ಬ್ಯಾಟರಿ ಪೆಟ್ಟಿಗೆಯಲ್ಲಿ ಬಳಸದೆ ಕುಳಿತರೂ ಹಳೆಯದಾಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳು ಹೊರಗಿನ ಬ್ಯಾಟರಿಯನ್ನು ಗುರುತಿಸದೆ ಚಾರ್ಜ್ ಮಾಡಲು ನಿರಾಕರಿಸುತ್ತವೆ, ಆದ್ದರಿಂದ ವಾಪಸಾತಿ ಅವಕಾಶ ಇರುವ ಕಡೆಯೇ ಕೊಳ್ಳಿ. ಹಾಕಿದ ದಿನವೇ ಮತ್ತೊಮ್ಮೆ ಬ್ಯಾಟರಿ ವರದಿ ತೆಗೆದು ಇಟ್ಟುಕೊಳ್ಳಿ, ವಾಪಸ್ ಮಾಡಬೇಕಾಗಿ ಬಂದರೆ ಅದೇ ನಿಮ್ಮ ಪುರಾವೆ.